ಅರ್ಜಿಗೆ ಬಾರದ ಬೀಡಿ

ನಾರಾವಿ, ಅಳದಂಗಡಿ, ವೇಣೂರಿನ ಕಡೆ ಬೀಡಿ ಕಟ್ಟಿ ಸಂಸಾರ ತೂಗಿಸಿದ ಹೆಂಗಸರು ಗೇರುಬೀಜದ ಕಾರ್ಖಾನೆಗೋ ಬಟ್ಟೆ ಅಂಗಡಿಗೋ ಅರ್ಜಿ ಹಾಕುವಾಗ, ‘ಹಿಂದಿನ ಅನುಭವ’ ಎಂಬಲ್ಲಿ ಸಾಮಾನ್ಯವಾಗಿ ಏನೂ ಬರೆಯುವುದಿಲ್ಲ. ಮನೆಯ ಜಗಲಿಯಲ್ಲಿ ಕೂತು ಮಾಡಿದ್ದು, ಅದೇನು ನೌಕರಿಯೇ ಎಂಬ ಸಂಕೋಚ. ಈ ಸಂಕೋಚಕ್ಕೆ ಚರಿತ್ರೆಯ ಆಧಾರವಿಲ್ಲ. ಎಲೆ, ಹೊಗೆಸೊಪ್ಪು ಕೊಟ್ಟದ್ದು ಬೀಡಿ ಕಂಪೆನಿಯ ಬ್ರಾಂಚಿನವರು, ಕಟ್ಟಿದ ಬೀಡಿಯನ್ನು ಚೆಕ್ಕಿಂಗ್ ಮಾಡಿ ಸಾವಿರದ ಲೆಕ್ಕದಲ್ಲಿ ಮಜೂರಿ ಕೊಟ್ಟದ್ದೂ ಅವರೇ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ನೌಕರರೆಂದೇ ಎಣಿಸಿತು. ಮಾಲೀಕರು ಇದನ್ನು ಪ್ರಶ್ನಿಸಿದರು. ಆ ವ್ಯಾಜ್ಯದ ತಲೆಬರಹದಲ್ಲೇ ಮಂಗಳೂರಿನ ಗಣೇಶ್ ಬೀಡಿಯ ಹೆಸರಿದೆ. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ಬಂತು. ಅದು ಮನೆಯಲ್ಲಿ ಕಟ್ಟುವವರಿಗೂ ಸಲ್ಲುತ್ತದೆಂದು 1985ರಲ್ಲಿ ಅದೇ ಕೋರ್ಟು ಹೇಳಿತು. ನ್ಯಾಯಾಲಯದಲ್ಲಿ ಇಷ್ಟು ಹೋರಾಡಿ ಗಳಿಸಿದ ‘ನೌಕರಿ’ ಎಂಬ ಹೆಸರನ್ನು ಅರ್ಜಿಯಲ್ಲಿ ನಾವೇ ಬಿಟ್ಟುಕೊಡುತ್ತಿದ್ದೇವೆ.

ದಾಖಲೆ ಎಲ್ಲಿ ಎಂದು ಕೇಳಬಹುದು. ಬ್ರಾಂಚಿನ ಪಾಸ್ ಪುಸ್ತಕ ತಾಯಿಯ ಹೆಸರಿನಲ್ಲಿ, ಕಟ್ಟಿದವರು ತಾಯಿ, ಮಗಳು, ಸೊಸೆ ಎಲ್ಲರೂ. ಇದು ನಮ್ಮ ಕಡೆ ಗುಟ್ಟೇನಲ್ಲ. ತನ್ನ ಹೆಸರಿನಲ್ಲಿ ಪುಸ್ತಕವಿಲ್ಲದವಳು ತನ್ನನ್ನು ಕಂಪೆನಿಯ ನೌಕರಳೆಂದು ಬರೆದರೆ ಅದು ಸುಳ್ಳಾಗುತ್ತದೆ, ನಿಜ. ಆದರೆ ‘ತಾಯಿಯ ಪಾಸಿನಲ್ಲಿ ಇಷ್ಟು ವರ್ಷ ಬೀಡಿ ಕಟ್ಟಿದ್ದೇನೆ’ ಎಂದು ಬರೆಯುವುದರಲ್ಲಿ ಯಾವ ಸುಳ್ಳೂ ಇಲ್ಲ. ಹೀಗೆ ಬರೆದುಕೊಡುವುದು ನಮಗೆ ಹೊಸತೂ ಅಲ್ಲ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಯಾದಾಗ ನಮ್ಮ ಕಡೆಯ ಚಾಲಗೇಣಿ ಒಕ್ಕಲುಗಳು ಫಾರಂ ನಂಬ್ರ 7ರಲ್ಲಿ ತಮ್ಮ ಬೇಸಾಯವನ್ನು ತಾವೇ ಬರೆದು ಕೊಟ್ಟರು. ಅನೇಕರ ಕೈಯಲ್ಲಿ ಗೇಣಿಚೀಟಿ ಇರಲಿಲ್ಲ. ನ್ಯಾಯಮಂಡಳಿಗಳು ಬಾಯಿಮಾತಿನ ಸಾಕ್ಷ್ಯವನ್ನೂ ಕೇಳಿದವು. ಕಾಗದವಿಲ್ಲವೆಂದು ಗದ್ದೆ ಉತ್ತದ್ದನ್ನೇ ಅವರು ಬಿಟ್ಟಿದ್ದರೆ ಭೂಮಿ ಸಿಗುತ್ತಿರಲಿಲ್ಲ.

ಅಂಗಡಿಯ ಕೆಲಸಕ್ಕೂ ಬೀಡಿಗೂ ಏನು ಸಂಬಂಧ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಂಪ್ಯೂಟರಿನ ಕೆಲಸಕ್ಕೆ ಎಲೆ ಕತ್ತರಿಸುವ ವಿವರ ಬೇಕಿಲ್ಲ, ಒಂದು ಸಾಲು ಸಾಕು. ವಾರಕ್ಕಿಷ್ಟು ಎಂದು ಮಾಲು ಒಪ್ಪಿಸಿದ್ದು, ಚೆಕ್ಕಿಂಗಿನಲ್ಲಿ ತಿರಸ್ಕಾರವಾಗದಂತೆ ಕಟ್ಟಿದ್ದು, ಎಲೆಯ ಲೆಕ್ಕ ಇಟ್ಟದ್ದು ಯಾವ ಧಣಿಗೂ ಬೇಡವಾದ ಗುಣಗಳಲ್ಲ. ಹೊಗೆಸೊಪ್ಪಿನ ಕಸುಬೆಂದು ಮೂಗು ಮುರಿಯುವವರಿಗೆ ಉತ್ತರ ಕೊಡುವ ಅಗತ್ಯವೇ ನನಗೆ ಕಾಣುವುದಿಲ್ಲ. ತೆರಿಗೆ ವಸೂಲು ಮಾಡುವಾಗ ಸರಕಾರಕ್ಕೆ ಆ ಮುಜುಗರ ಇರಲಿಲ್ಲ.

ತನ್ನದೇ ಪಾಸು, ಪಿ.ಎಫ್. ಇದ್ದವರಿಗಂತೂ ಇದು ಮಾನದ ಪ್ರಶ್ನೆಯಷ್ಟೇ ಅಲ್ಲ. ಹೊಸ ಕೆಲಸಕ್ಕೆ ಸೇರುವಾಗ ತುಂಬಿಸುವ ಪಿ.ಎಫ್. ಫಾರಂ 11, ಹಿಂದೆ ಸದಸ್ಯರಾಗಿದ್ದಿರೇ ಎಂದು ಕೇಳುತ್ತದೆ. 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಆ ಫಾರಂನಲ್ಲಿ ‘ಇಲ್ಲ’ ಎಂದು ಬರೆಯುವ ಮೊದಲು ಹಳೆಯ ಪಾಸ್ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ.