ಗೇಣಿಚೀಟಿಗಳಲ್ಲಿ ಉಳಿದ ಚರಿತ್ರೆ

ಗೋವೆಯಿಂದ ಬಂದು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ 1784ರ ಸೆರೆ, 1799ರ ಬಿಡುಗಡೆ ಎಂಬೆರಡು ಘಟನೆಗಳಲ್ಲಿಯೇ ನಿಂತುಬಿಡುತ್ತಾರೆ. ಆ ಸಂಕಟದ ಸ್ಮರಣೆ ಅವಶ್ಯವೇ ಸರಿ. ಆದರೆ ಶ್ರೀರಂಗಪಟ್ಟಣದಿಂದ ಬದುಕಿ ಮರಳಿದವರು ಮತ್ತೆ ಗದ್ದೆ ಹಿಡಿದುದು ಹೇಗೆ, ಅವರ ಮೊಮ್ಮಕ್ಕಳು ವ್ಯಾಪಾರಕ್ಕಿಳಿದುದು ಹೇಗೆ ಎಂಬುದನ್ನರಿಯಲು ನಾವು ಹಳೆಯ ಮನೆಗಳ ಅಟ್ಟವನ್ನೇ ಹತ್ತಬೇಕು.

ಅಲ್ಲಿನ ಮರದ ಪೆಟ್ಟಿಗೆಗಳಲ್ಲಿ ಸಿಗುವುವು ಮೂಲಗೇಣಿ ಪತ್ರಗಳು, ಅಡವಿನ ಕರಾರುಗಳು, ಎಣೆಲು ಸುಗ್ಗಿಗಳ ಅಕ್ಕಿಮುಡಿಯ ಲೆಕ್ಕ, ಬಂಟ್ವಾಳದಿಂದ ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರಿಗೆ ಹೋದ ಸರಕಿನ ಪಟ್ಟಿ. ಮನೆಯಲ್ಲಿ ಕೊಂಕಣಿಯನ್ನಾಡಿ, ಕೊಂಕಣಿಯಲ್ಲಿಯೇ ಪ್ರಾರ್ಥಿಸುತ್ತಿದ್ದವರು ಭೂಮಿಯ ವ್ಯವಹಾರವನ್ನು ಕನ್ನಡದಲ್ಲಿ ಬರೆಸಿದರು. ಸಂತರ ಹೆಸರನ್ನು ಹೊತ್ತ ಯಜಮಾನನ ಪತ್ರಕ್ಕೆ ಶ್ಯಾನುಭೋಗನು ಶಕವರ್ಷ, ಸಂವತ್ಸರ, ತಿಥಿಗಳನ್ನೇ ಹಾಕಿಕೊಟ್ಟನು. ಅದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣಲಿಲ್ಲ.

ಆದರೂ ಈ ಕಾಗದಗಳು ಎಲ್ಲರಿಗೂ ಸಮನಾಗಿ ಸಾಕ್ಷಿ ನುಡಿಯುವುದಿಲ್ಲವೆಂಬುದನ್ನು ನಾವು ಮರೆಮಾಚಬಾರದು. ಮೂಲಗೇಣಿದಾರನಿಗೆ ವಂಶಪಾರಂಪರ್ಯದ ಹಕ್ಕಿತ್ತು, ನಿಗದಿಯಾದ ಗೇಣಿಯಿತ್ತು, ಕೈಯಲ್ಲಿ ಪತ್ರವಿತ್ತು. ಚಾಲಗೇಣಿದಾರನ ಪಾಲಿಗೋ ಬಹುಮಟ್ಟಿಗೆ ಧನಿಯ ಬಾಯಿಮಾತೇ ಪತ್ರ. ಧನಿಯ ಲೆಕ್ಕಪುಸ್ತಕದಲ್ಲಿ ಅವನೊಂದು ಹೆಸರು, ಮುಂದೆ ಇಷ್ಟು ಮುಡಿ ಬಂತು, ಇಷ್ಟು ಬಾಕಿ, ಅಷ್ಟೇ. ಅವನೊಡನೆ ಕೆಸರಿಗಿಳಿದು ನಾಟಿಮಾಡಿದವರಿಗೆ ಆ ಹೆಸರೂ ಇಲ್ಲ.

1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದಾಗ ಈ ಲೆಕ್ಕಪುಸ್ತಕಗಳ ಅರ್ಥವೇ ಬದಲಾಯಿತು. ಧನಿಯ ಆದಾಯವನ್ನು ಹೇಳುತ್ತಿದ್ದ ಸಾಲು ಒಕ್ಕಲಿನ ಹಕ್ಕಿಗೆ ಆಧಾರವಾಯಿತು. ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಯೆದುರು ನಿಂತವನಿಗೆ ಹಳೆಯ ಗೇಣಿಚೀಟಿಯೊಂದು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಆ ಕಾಲವನ್ನು ಕಂಡವರಿಗೆ ವಿವರಿಸಬೇಕಿಲ್ಲ. ನಮ್ಮ ಸಮಾಜದವರು ಆ ಕಟಕಟೆಯ ಎರಡೂ ಬದಿಗಳಲ್ಲಿದ್ದರು. ಗದ್ದೆ ಕಳೆದುಕೊಂಡ ಮನೆಯವರೂ ಪಡೆದ ಮನೆಯವರೂ ಒಂದೇ ದೇವಾಲಯದ ಬೆಂಚುಗಳಲ್ಲಿ ಮೊಣಕಾಲೂರಿದರು.

ವ್ಯಾಜ್ಯಗಳು ಮುಗಿದ ಮೇಲೆ ಕಾಗದಗಳನ್ನು ಕೇಳುವವರಿಲ್ಲ. ಗೆದ್ದಲು, ಸೋರುವ ಮಾಡು, ಆಟಿಯ ತೇವ, ಕೊನೆಗೆ ಬಚ್ಚಲ ಒಲೆ ಇವುಗಳಿಗೆ ಅವು ತುತ್ತಾಗುತ್ತಿವೆ. ಹಳೆಯ ಮನೆ ಕೆಡವುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೇ: ಗುಜರಿಗೆ ಹಾಕುವ ಮೊದಲು ಆ ಕಟ್ಟುಗಳನ್ನು ಓದಬಲ್ಲವರ ಕೈಗೊಮ್ಮೆ ಕೊಡಿರಿ. ಲೆಕ್ಕಪುಸ್ತಕವನ್ನೂ ಚರ್ಚಿನ ಜ್ಞಾನಸ್ನಾನದ ದಫ್ತರವನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟರೆ, ಒಂದರಲ್ಲಿ ಬರಿಯ ಮೂರು ಮುಡಿ ಬಾಕಿಯಾಗಿ ಉಳಿದವನಿಗೆ ಇನ್ನೊಂದರಲ್ಲಿ ತಂದೆ, ತಾಯಿ, ಜ್ಞಾನಪಿತ ಎಲ್ಲರೂ ದೊರೆಯಬಹುದು.