ಮಣ್ಣನ್ನು ನಿಲ್ಲಿಸಿದ ಊರು
(ಬಾನುಲಿ ಭಾಷಣ)

ಪುದುಚೇರಿಯ ಉತ್ತರಕ್ಕೆ, ತಮಿಳುನಾಡಿಗೆ ಸೇರಿದ ಇರುಂಬೈ ಎಂಬ ಹಳ್ಳಿಯ ಶಿವಾಲಯದಲ್ಲಿ ಬಿರಿದ ಲಿಂಗವೊಂದಿದೆ. ಅದನ್ನು ಕುರಿತು ಆ ಸೀಮೆಯವರು ಹೇಳುವ ಕಥೆ ಹೀಗೆ: ಕಡುವೆಳಿ ಸಿದ್ಧರೆಂಬವರು ಅರಳಿಮರದಡಿ ತಪಸ್ಸಿಗೆ ಕುಳಿತರು, ಆ ತಪಸ್ಸಿನ ಬೇಗೆಗೆ ಮಳೆ ಹಿಂದೆಗೆದು ನಾಡು ಬರಕ್ಕೆ ತುತ್ತಾಯಿತು. ಅರಸನ ಅಪೇಕ್ಷೆಯಂತೆ ದೇವಾಲಯದ ನರ್ತಕಿಯೊಬ್ಬಳು ಉಪಾಯದಿಂದ ತಪಸ್ಸನ್ನು ಬಿಡಿಸಿದಳು, ಮಳೆ ಬಂದಿತು. ಮುಂದೆ ಉತ್ಸವದ ನಾಟ್ಯದಲ್ಲಿ ಆಕೆಯ ಕಾಲ್ಗೆಜ್ಜೆ ಕಳಚಿ ಬಿದ್ದಾಗ ಸಿದ್ಧರು ಅದನ್ನೆತ್ತಿ ತೊಡಿಸಿದರು, ನೆರೆದವರು ನಕ್ಕರು. ನೊಂದ ಸಿದ್ಧರು ಶಿವನಿಗೆ ಮೊರೆಯಿಡಲು ಲಿಂಗ ಸಿಡಿದು, ನೆಲ ಬರಡಾಯಿತು. ದೂರದೇಶದವರು ಬಂದು ಈ ನೆಲವನ್ನು ಮತ್ತೆ ಹಸಿರಾಗಿಸುವರೆಂಬುದೇ ಆ ಶಾಪಕ್ಕೆ ವಿಮೋಚನೆ.

ಐತಿಹ್ಯಕ್ಕೆ ಇತಿಹಾಸದ ಪ್ರಾಮಾಣ್ಯವಿಲ್ಲ. ಈಚಿನ ಘಟನೆಗಳು ಹಳೆಯ ಕಥೆಯ ತುದಿಗೆ ಬಂದು ಸೇರಿಕೊಳ್ಳುವುದೂ ಉಂಟು. ಆದರೂ ಬರವು ಮುಗಿಲಿನಿಂದ ಮಾತ್ರವಲ್ಲದೆ ಮನುಷ್ಯರ ನಡತೆಯಿಂದಲೂ ಬರುತ್ತದೆಂಬ ತಿಳಿವು ಈ ಕಥೆಯಲ್ಲಿದೆ. ಆ ಎತ್ತರದ ಬಯಲಿಗೆ ಮಳೆಯ ಬಡತನವಿಲ್ಲ. ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಮೀರಿದ ಮಳೆ ಬೀಳುತ್ತದೆ. ಆದರೆ ಅದರ ಬಹುಭಾಗ ಅಕ್ಟೋಬರಿನಿಂದ ಡಿಸೆಂಬರಿನ ವರೆಗಿನ ಕೆಲವೇ ವಾರಗಳಲ್ಲಿ ಸುರಿದು ಮುಗಿಯುತ್ತದೆ. ಹಿಂದೆ ಅಲ್ಲಿದ್ದ ಕಾಡು ಈ ನೀರನ್ನು ಹಿಡಿದುಕೊಳ್ಳುತ್ತಿತ್ತು. ಕಾಡು ಕಡಿದ ಮೇಲೆ ಅದರ ತುಣುಕುಗಳು ದೇವರ ಬನಗಳಲ್ಲಿ ಮಾತ್ರ ಉಳಿದವು. ಹಿಡಿಯುವವರಿಲ್ಲದ ನೀರು ಕೊರಕಲುಗಳನ್ನು ತೋಡಿಕೊಂಡು ಕೆಂಪು ಮಣ್ಣಿನೊಡನೆ ಸಮುದ್ರಕ್ಕೆ ಇಳಿಯತೊಡಗಿತು. ಬೇಸಗೆ ಬರುವ ಹೊತ್ತಿಗೆ ಬಯಲಿನಲ್ಲಿ ಉಳಿಯುತ್ತಿದ್ದುದು ಒಂದಿಷ್ಟು ತಾಳೆ, ಗೇರು, ಮತ್ತೆ ಬಿಸಿಲು.

ಇಂಥ ನೆಲದ ಮೇಲೆ 1968ರ ಫೆಬ್ರವರಿ 28ರಂದು ಆರೋವಿಲ್ ಎಂಬ ನೆಲೆ ಪ್ರಾರಂಭವಾಯಿತು. ಅರವಿಂದಾಶ್ರಮದ ಶ್ರೀಮಾತೆಯವರ ಸಂಕಲ್ಪ ಅದು. 124 ದೇಶಗಳ ತರುಣ ತರುಣಿಯರು ತಂತಮ್ಮ ನಾಡಿನ ಹಿಡಿಮಣ್ಣನ್ನು ತಂದು ಒಂದು ಕುಂಭದಲ್ಲಿ ಸುರಿದರು. ಸಮಾರಂಭ ಮುಗಿದ ಮೇಲೆ ಅಲ್ಲಿ ನೆಲಸಲು ಬಂದವರಿಗೆ ಮೊದಲು ಬೇಕಾದುದು ನೆರಳು. ಹಳ್ಳಿಗರ ರೀತಿಯಲ್ಲೇ ಗಾಳಿಮರದ ಗಳಗಳನ್ನು ನೆಟ್ಟು, ಹೆಣೆದ ತೆಂಗಿನ ಗರಿಗಳನ್ನು ಹೊದಿಸಿ ಗುಡಿಸಲು ಕಟ್ಟಿಕೊಂಡರು. ಸಸಿಗಳನ್ನು ನೆಟ್ಟರು, ಬಿಸಿಲಿನಲ್ಲಿ ಅವಕ್ಕೆ ಗಾಡಿಯಲ್ಲಿ ನೀರು ಹೊತ್ತರು. ಹಾಗೆ ಬದುಕಿದ ಸಸಿಯನ್ನು ಆಡು ಬಂದು ತಿಂದರೆ ಯಾರನ್ನು ದೂರುವುದು? ಆಡಿನ ಒಡೆಯನಿಗೆ ಅದು ತಲೆಮಾರುಗಳಿಂದ ಬಂದ ಮೇವಿನ ಬಯಲು.

ನೀರು ಹೊತ್ತು ತೋಟ ಮಾಡಲಾಗದೆಂಬುದು ಬೇಗನೆ ಮನವರಿಕೆಯಾಯಿತು. ಆಮೇಲೆ ಅವರು ಬದು ಹಾಕುವ ಕೆಲಸಕ್ಕೆ ಕೈಯಿಟ್ಟರು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಬದುಗಳು, ಕೊರಕಲಿನ ಬಾಯಿಗೆ ಒಡ್ಡುಗಳು. ಓಡುವ ನೀರು ನಡೆಯಿತು, ನಡೆಯುವ ನೀರು ನಿಂತಿತು, ನಿಂತ ನೀರು ಇಂಗಿತು. ಬೇಗ ಬೆಳೆಯುವ ಅಕೇಶಿಯ ಮೊದಲ ನೆರಳನ್ನು ಕೊಟ್ಟಿತು. ಅದರ ಕೆಳಗೆ, ದೇವರ ಬನಗಳಿಂದ ಬೀಜ ತಂದು, ಸ್ಥಳೀಯ ಮರಗಳನ್ನು ಬೆಳೆಸಿದರು. ಉದುರಿದ ಎಲೆ ತರಕಾರಿಯ ಮಡಿಗೆ ಹೊದಿಕೆಯಾಯಿತು. ಬೇಸಗೆಯ ತೋಟಕ್ಕೆ ಈ ಹೊದಿಕೆ ಅರ್ಧ ನೀರಿಗೆ ಸಮಾನವೆಂದು ರೈತರಿಗೆ ಬೇರೆ ಹೇಳಬೇಕಾಗಿಲ್ಲ.

ಗರಿಯ ಗುಡಿಸಲು ಬೆಂಕಿಗೂ ಗೆದ್ದಲಿಗೂ ಸುಲಭದ ತುತ್ತು. ಸುಟ್ಟ ಇಟ್ಟಿಗೆಯಾದರೆ ಸೌದೆಯನ್ನು ಬೇಡುತ್ತದೆ. ಮರ ನೆಡಲು ಬಂದವರು ಗೂಡಿಗೆ ಮರ ಹಾಕುವುದುಂಟೆ? ಉತ್ತರ ಕಾಲಕೆಳಗಿನ ಮಣ್ಣಿನಲ್ಲೇ ಇತ್ತು. ಮೇಲ್ಮಣ್ಣನ್ನು ತೋಟಕ್ಕೆಂದು ಬದಿಗಿರಿಸಿ, ಕೆಳಗಿನ ಮಣ್ಣನ್ನು ಜರಡಿ ಹಿಡಿದು, ನೂರಕ್ಕೆ ಐದು ಪಾಲಿನಷ್ಟು ಸಿಮೆಂಟು ಬೆರೆಸಿ, ತುಸು ತೇವ ಮಾಡಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೆರಳಿನಲ್ಲಿ ಹದಗೊಳಿಸಿದರೆ ಇಟ್ಟಿಗೆ ಸಿದ್ಧ. ಒಲೆ ಬೇಡ, ಹೊಗೆಯಿಲ್ಲ. ಇಂಥ ಕೈಯಂತ್ರ 1950ರ ದಶಕದಲ್ಲಿ ಕೊಲಂಬಿಯಾ ದೇಶದಲ್ಲಿ ರೂಪುಗೊಂಡಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರೂ ಹಳ್ಳಿಯ ಮನೆಗಳಿಗಾಗಿ ಇದೇ ದಾರಿಯಲ್ಲಿ ದುಡಿದರು. ಆರೋವಿಲ್‌ನಲ್ಲಿ 1989ರಿಂದ ಈ ವಿದ್ಯೆ ವ್ಯವಸ್ಥಿತವಾಗಿ ಬೆಳೆಯಿತು. ಮಣ್ಣಿನ ಗೋಡೆ, ಕಮಾನು, ಗುಮ್ಮಟಗಳ ಸಂದರ್ಶಕರ ಕೇಂದ್ರಕ್ಕೆ 1992ರಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾಥಿಯವರ ಹೆಸರಿನ ಪ್ರಶಸ್ತಿ ಬಂದಿತು.

ಇದರಲ್ಲಿ ನನಗೆ ಮುಖ್ಯವೆನಿಸುವುದು ಗೋಡೆಗಿಂತ ಗುಂಡಿ. ಮಣ್ಣು ತೆಗೆದ ಗುಂಡಿಯನ್ನು ಹಾಗೆಯೇ ಬಿಡತಕ್ಕದ್ದಲ್ಲ, ಅದು ಮಳೆನೀರಿನ ತೊಟ್ಟಿಯೋ ಕೊಳವೋ ಆಗಬೇಕು ಎಂಬ ಕ್ರಮವನ್ನು ಅವರು ಪಾಲಿಸಿಕೊಂಡು ಬಂದರು. ಹಾಗಾಗಿ ಮನೆಯೂ ತೋಟವೂ ಒಂದೇ ಅಗೆತದ ಎರಡು ಫಲಗಳಾದವು. ನಮ್ಮ ಹಿರಿಯರು ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದುದರ ಹಿಂದೆಯೂ ಈ ಲೆಕ್ಕವೇ ಇದ್ದಿತು.

ಇದನ್ನು ದೂರದೇಶದವರ ಪವಾಡವೆಂದು ಬಣ್ಣಿಸುವುದು ಅನ್ಯಾಯವಾದೀತು. ಬದುಗಳಿಗೆ ಗುದ್ದಲಿ ಹಿಡಿದವರಲ್ಲಿ, ಗೋಡೆ ಎಬ್ಬಿಸಿದವರಲ್ಲಿ ಸುತ್ತಣ ಹಳ್ಳಿಗಳ ಕೂಲಿಯವರು ಬಹು ಮಂದಿ. ಕಥೆಯಲ್ಲಿ ಅವರಿಗೆ ಹೆಸರಿಲ್ಲ. ಬೆಳೆದದ್ದೆಲ್ಲ ನಿಲ್ಲಲೂ ಇಲ್ಲ. 2011ರ ಡಿಸೆಂಬರ್ 30ರ ‘ಥಾಣೆ’ ಚಂಡಮಾರುತಕ್ಕೆ ಅಸಂಖ್ಯ ಮರಗಳು ಉರುಳಿದವು. 2021ರ ಡಿಸೆಂಬರಿನಲ್ಲಿ, ನಗರದ ಮೂಲ ನಕ್ಷೆಯ ವರ್ತುಲ ರಸ್ತೆಗಾಗಿ ಮರ ಕಡಿಯಲು ಯಂತ್ರಗಳು ಬಂದಾಗ ಊರೇ ಎರಡು ಪಾಲಾಯಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಯಿತು. ಊರು ಕಟ್ಟಲು ಬಂದವರು ಕಾಡು ಬೆಳೆಸಿದರು; ಈಗ ಊರಿಗಾಗಿ ಕಾಡನ್ನು ಎಷ್ಟು ಬಿಡಬೇಕೆಂಬ ಪ್ರಶ್ನೆ ಅವರ ಮುಂದೆ ನಿಂತಿತು.

ಆ ಪ್ರಶ್ನೆಗೆ ಅವರೇ ಉತ್ತರ ಹೇಳಬೇಕು. ನಮ್ಮ ಊರುಗಳಲ್ಲಿ ಪಾಯ ತೋಡಿದ ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸಿ, ಚೈತ್ರ ಬರುತ್ತಲೇ ನೀರನ್ನು ಲಾರಿಯಲ್ಲಿ ಒಳಗೆ ತರಿಸುವ ನಾವು, ಆ ಎರಡು ಲಾರಿಗಳ ನಡುವಣ ಸಂಬಂಧವನ್ನು ಒಮ್ಮೆ ಯೋಚಿಸಿದರೂ ಸಾಕು.