ಕಾರ್ಖಾನೆಯ ಸದ್ದು, ಬಿಲ್ ವಾರ್ಡ್‌ನ ನಡೆ

ಹೆವಿ ಮೆಟಲ್ ಹೇಗೆ ಹುಟ್ಟಿತು ಎಂದರೆ ಎಲ್ಲರೂ ಹೇಳುವ ಒಂದು ಕತೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಆಸ್ಟನ್ ಎಂಬ ಬಡಾವಣೆಯ ನಾಲ್ವರು ಕಾರ್ಮಿಕರ ಮಕ್ಕಳು 1968ರಲ್ಲಿ ಕಟ್ಟಿದ ತಂಡವೇ ಮುಂದೆ ಬ್ಲ್ಯಾಕ್ ಸಬ್ಬತ್ ಆಯಿತು. ಕಬ್ಬಿಣ ಬಡಿಯುವ ಸದ್ದಿನ ನಡುವೆ ಬೆಳೆದವರು ಆ ಸದ್ದನ್ನೇ ಸಂಗೀತ ಮಾಡಿದರು. ಇದಕ್ಕೆ ಸಾಕ್ಷಿಯಾಗಿ ಗಿಟಾರ್ ವಾದಕ ಟೋನಿ ಐಯೋಮಿಯ ಬೆರಳುಗಳನ್ನು ತೋರಿಸುತ್ತಾರೆ. ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಭಾರವಾದ ಆ ನಾದಕ್ಕೆ ಗಾಯದ ಪಾಲೂ ಇದೆ.

ನಾನೂ ಈ ಕತೆಯನ್ನು ನಂಬಿದವನೇ. ಪಿಎಚ್.ಡಿ. ಮಾಡುವವರಿಗೆ ಇಂಥ ಕತೆ ಬಹಳ ಅನುಕೂಲ: ಒಂದು ಕಾರಣ, ಒಂದು ಪರಿಣಾಮ, ಅಧ್ಯಾಯ ಮುಗಿಯಿತು. ಅನುಮಾನ ಹುಟ್ಟಿಸಿದವನು ಆ ತಂಡದ ಡ್ರಮ್ಮರ್ ಬಿಲ್ ವಾರ್ಡ್.

1948ರಲ್ಲಿ ಆಸ್ಟನ್ನಿನಲ್ಲೇ ಹುಟ್ಟಿದ ವಾರ್ಡ್ ತನ್ನ ಗುರುಗಳೆಂದು ನೆನೆಯುವುದು ಜೀನ್ ಕ್ರೂಪಾ, ಬಡ್ಡಿ ರಿಚ್, ಲೂಯಿ ಬೆಲ್ಸನ್‌ರನ್ನು. ಮೂವರೂ ಅಮೆರಿಕದ ಜಾಝ್ ಡ್ರಮ್ಮರ್‌ಗಳು, ದೊಡ್ಡ ವಾದ್ಯವೃಂದಗಳನ್ನು ಕುಣಿಸಿದವರು. ಜಾಝ್‌ನಲ್ಲಿ ಸ್ವಿಂಗ್ ಎನ್ನುವ ನಡೆಯೊಂದಿದೆ. ಒಂದು ಪೆಟ್ಟನ್ನು ಮೂರಾಗಿ ಒಡೆದು, ನಡುವಿನದನ್ನು ನುಂಗಿ, ಮೂರನೆಯದರ ಮೇಲೆ ತೂಗಿ ಇಳಿಯುವುದು. ನಮ್ಮ ತಿಶ್ರ ನಡೆಯನ್ನು ಕೈಯಲ್ಲಿ ಹಾಕಿ ನೋಡಿದವರಿಗೆ ಇದು ಅಷ್ಟೇನೂ ದೂರವಲ್ಲ. ಕಬ್ಬಿಣ ಒತ್ತುವ ಯಂತ್ರಕ್ಕೆ ಮಾತ್ರ ಇದು ಬರುವುದಿಲ್ಲ. ಅದರ ಪೆಟ್ಟು ಹಿಂದೆಯೂ ಜಾರದು, ಮುಂದಕ್ಕೂ ಓಡದು.

ಈಗ 'ವಿಕೆಡ್ ವರ್ಲ್ಡ್' ಕೇಳಿ. ಶುರುವಿನಲ್ಲಿ ತಾಳದ ತಟ್ಟೆಗಳ ಮೇಲೆ ಬೀಳುವುದು ಅಪ್ಪಟ ಜಾಝ್. 'ಫೇರೀಸ್ ವೇರ್ ಬೂಟ್ಸ್' ಹಾಡಿನ ತೂಗಾಟವೂ ಅದೇ ಮನೆಯದು. ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ, ಹೆಚ್ಚೂಕಡಿಮೆ ಒಂದೇ ದಿನದಲ್ಲಿ, ನಾಲ್ವರೂ ಒಟ್ಟಿಗೆ ನುಡಿಸಿ ಮುಗಿಸಿದರು. ಅದು ಹೊರಬಂದದ್ದು 1970ರ ಫೆಬ್ರವರಿ 13ಕ್ಕೆ. ತಿದ್ದಲು ಸಮಯವಿರಲಿಲ್ಲ. ಹಾಗಾಗಿಯೇ ಅದರಲ್ಲಿ ಒಬ್ಬ ಇನ್ನೊಬ್ಬನನ್ನು ಕಿವಿಗೊಟ್ಟು ಕೇಳುತ್ತಿರುವುದು ನಮಗೂ ಕೇಳಿಸುತ್ತದೆ. ಐಯೋಮಿಯ ಗಿಟಾರ್ ನಿಂತರೆ ವಾರ್ಡ್ ಬರೀ ತಾಳ ಕಾಯುತ್ತ ಕೂರುವುದಿಲ್ಲ, ಉತ್ತರ ಕೊಡುತ್ತಾನೆ. ವೇಗ ತುಸು ಏರುತ್ತದೆ, ಇಳಿಯುತ್ತದೆ. ಕಾರ್ಖಾನೆ ಭಾರ ಕೊಟ್ಟಿರಬಹುದು, ಆದರೆ ಆ ಭಾರ ನಡೆಯಲು ಕಲಿತದ್ದು ಜಾಝ್‌ನಿಂದ ಎಂದು ನನಗನ್ನಿಸುತ್ತದೆ. ಆ ಕಾಲದ ಹಾಡುಗಳಿಗೆ ಕರ್ತೃಗಳೆಂದು ನಾಲ್ವರ ಹೆಸರೂ ಇರುವುದು ಬರಿಯ ಸೌಜನ್ಯವಲ್ಲ.

ಈ ನಾಲ್ಕರ ಲೆಕ್ಕ ಉಳಿಯಲಿಲ್ಲ. 1979ರಲ್ಲಿ ಗಾಯಕ ಆಝಿ ಆಸ್ಬರ್ನ್‌ನನ್ನು ಕುಡಿತ, ಮಾದಕವಸ್ತುಗಳ ಕಾರಣಕ್ಕೆ ತೆಗೆದಾಗ ಆ ಸುದ್ದಿ ಮುಟ್ಟಿಸುವ ಕೆಲಸ ಬಿದ್ದದ್ದು ಅವನ ಆಪ್ತ ಗೆಳೆಯ ವಾರ್ಡ್‌ನ ಮೇಲೆ. ಆಗ ವಾರ್ಡ್ ತಾನೇ ಕುಡಿತದಲ್ಲಿ ಮುಳುಗಿದ್ದ. 1980ರ 'ಹೆವನ್ ಆ್ಯಂಡ್ ಹೆಲ್' ಆಲ್ಬಮ್ಮಿನಲ್ಲಿ ಡ್ರಮ್ಸ್ ನುಡಿಸಿದವನು ಅವನೇ. ಅದನ್ನು ಮಾಡಿದ್ದರ ನೆನಪೇ ತನಗಿಲ್ಲ ಎಂದು ಮುಂದೆ ಹೇಳಿಕೊಂಡ. ಇತಿಹಾಸ ಓದುವವನಾಗಿ ಈ ಮಾತನ್ನು ಎಲ್ಲಿಡಬೇಕೆಂದು ನನಗಿನ್ನೂ ತಿಳಿದಿಲ್ಲ. ದಾಖಲೆ ಇದೆ, ಕೈಯ ಗುರುತಿದೆ, ಕೈಯ ಒಡೆಯನಿಗೆ ನೆನಪಿಲ್ಲ. ಅದೇ ವರ್ಷ ಪ್ರವಾಸದ ನಡುವೆಯೇ ಆತ ತಂಡ ಬಿಟ್ಟು ಹೋದ. ನಂತರದ ವರ್ಷಗಳಲ್ಲಿ ಕುಡಿತವನ್ನೂ ಬಿಟ್ಟ.

2011ರಲ್ಲಿ ನಾಲ್ವರೂ ಮತ್ತೆ ಒಂದಾಗುವುದಾಗಿ ಘೋಷಿಸಿದರು. ಮೂರೇ ತಿಂಗಳಲ್ಲಿ ವಾರ್ಡ್ ಬಹಿರಂಗ ಪತ್ರ ಬರೆದ: ಕೊಟ್ಟಿರುವ ಕರಾರಿಗೆ ತನ್ನಿಂದ ಸಹಿ ಹಾಕಲಾಗದು. ಅವನ ದೇಹಕ್ಕೆ ಇನ್ನು ಆ ಶಕ್ತಿಯಿಲ್ಲ ಎಂದು ಆಝಿ ಹೇಳಿದ, ವಾರ್ಡ್ ಒಪ್ಪಲಿಲ್ಲ. 2013ರ '13' ಆಲ್ಬಮ್ಮಿಗೆ ಬ್ರಾಡ್ ವಿಲ್ಕ್ ನುಡಿಸಿದ. ಅಚ್ಚುಕಟ್ಟಾದ ವಾದನ, ದೂರುವಂಥದ್ದೇನಿಲ್ಲ. ಆದರೆ ಹಳೆಯ ದಾಖಲೆಗಳ ಪಕ್ಕದಲ್ಲಿಟ್ಟು ಕೇಳಿದಾಗ ಆ ತೂಗಾಟ ನನ್ನ ಕಿವಿಗೆ ಸಿಗಲಿಲ್ಲ. ಪಕ್ಷಪಾತವೂ ಇರಬಹುದು. 2017ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೇ ನಡೆದ ವಿದಾಯದ ಕಚೇರಿಯಲ್ಲೂ ವಾರ್ಡ್ ಇರಲಿಲ್ಲ.

ಅದು ವಿದಾಯವಾಗಲಿಲ್ಲ. 2025ರ ಜುಲೈ 5ರಂದು ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಕೂಡಿ ನಾಲ್ಕು ಹಾಡು ನುಡಿಸಿದರು. ಆ ಮೈದಾನ ಇರುವುದು ಆಸ್ಟನ್ನಿನಲ್ಲೇ. ಹದಿನೇಳು ದಿನಗಳ ಬಳಿಕ ಆಝಿ ತೀರಿಕೊಂಡ. ಅಂದಿನ ಮೂರನೆಯ ಹಾಡು 'ಐರನ್ ಮ್ಯಾನ್'. ಅದು ಶುರುವಾಗುವುದು ಗಿಟಾರಿನಿಂದಲ್ಲ, ದೊಡ್ಡ ಡ್ರಮ್ಮಿನ ಒಂಟಿ ಪೆಟ್ಟುಗಳಿಂದ. ಅಂದು ಆ ಡ್ರಮ್ಮಿನ ಮುಂದೆ ಕೂತಿದ್ದವನು ಎಪ್ಪತ್ತೇಳರ ಬಿಲ್ ವಾರ್ಡ್.